ಕತ್ತಲೆಯಲ್ಲಿ ಕೂಡಿಟ್ಟ ಬೆಳಕು

(ಸಂಘದ ವಾರ್ಷಿಕೋತ್ಸವದಲ್ಲಿ ಮಾಡಿದ ಭಾಷಣ)



ಕಾರ್ತಿಕಮಾಸದ ಅಮಾವಾಸ್ಯೆಯ ಇರುಳು ಎಂಟು ಗಂಟೆಯ ಸುಮಾರಿಗೆ, ನಮ್ಮ ತಾಳವಾಡಿಯ ಕಡೆಯ ಹಳ್ಳಿಗಳ ಅಂಗಳದಲ್ಲಿ ನಿಂತು, ನೆತ್ತಿಯಿಂದ ತುಸು ಉತ್ತರಕ್ಕೆ ದೃಷ್ಟಿಯನ್ನು ಹಾಯಿಸಿದರೆ, ಹಿಂಜಿದ ಹತ್ತಿಯಂತೆ ಮಸುಕಾದ ಒಂದು ಕಲೆ ಕಾಣುವುದು. ಅದೇ ದೇವಯಾನಿ, ಎಂದರೆ ಆಂಡ್ರೊಮಿಡಾ ನೀಹಾರಿಕೆ. ಅದರ ಬೆಳಕು ನಮ್ಮನ್ನು ಮುಟ್ಟಲು ಸುಮಾರು 25 ಲಕ್ಷ ವರ್ಷಗಳು ಬೇಕು. ಎಷ್ಟು ಹೊತ್ತು ನೋಡಿದರೂ ಕಣ್ಣಿಗೆ ಅದು ಬರಿಯ ಕಲೆಯೇ. ಕಣ್ಣು ಬೆಳಕನ್ನು ಕೂಡಿಡಲಾರದು. ಛಾಯಾಚಿತ್ರದ ಫಲಕವಾದರೋ ಹನಿಹನಿಯಾಗಿ ಬಿದ್ದ ಬೆಳಕನ್ನು ಗಂಟೆಗಟ್ಟಲೆ ಕೂಡಿಸಿಕೊಳ್ಳಬಲ್ಲದು. ಈ ಗುಟ್ಟನ್ನು ಲೋಕಕ್ಕೆ ತೋರಿಕೊಟ್ಟವರಲ್ಲಿ ಹವ್ಯಾಸಿಗಳೇ ಮುಂದಾಳುಗಳೆಂಬುದನ್ನು ನಾವು ಇಂದು ತಮ್ಮಲ್ಲಿ ಅರಿಕೆಮಾಡಬಯಸುತ್ತೇವೆ.

1880ರ ಸೆಪ್ಟೆಂಬರ್ 30ರಂದು ಅಮೆರಿಕದ ವೈದ್ಯ ಹೆನ್ರಿ ಡ್ರೇಪರರು 51 ನಿಮಿಷಗಳ ಕಾಲ ಫಲಕಕ್ಕೆ ಬೆಳಕುಣಿಸಿ, ಓರಿಯನ್ ನೀಹಾರಿಕೆಯ ಮೊದಲ ಛಾಯಾಚಿತ್ರವನ್ನು ಪಡೆದರು. 1883ರಲ್ಲಿ ಇಂಗ್ಲೆಂಡಿನ ಇಂಜಿನಿಯರ್ ಆಂಡ್ರೂ ಕಾಮನ್ನರು ತಮ್ಮ ಮನೆಯ ತೋಟದಲ್ಲಿಯೇ ಇದ್ದ 36 ಅಂಗುಲದ ದೂರದರ್ಶಕದಿಂದ ಅದೇ ನೀಹಾರಿಕೆಯನ್ನು ಚಿತ್ರಿಸಿದಾಗ, ಕಣ್ಣಿಗೆ ಎಂದೂ ಕಾಣದಿದ್ದ ತಾರೆಗಳು ಮೂಡಿಬಂದವು. 1888ರ ಡಿಸೆಂಬರಿನಲ್ಲಿ, ಲಿವರ್‌ಪೂಲಿನಲ್ಲಿ ಕಟ್ಟಡಗಳ ಗುತ್ತಿಗೆಯಿಂದ ಬಾಳಿದ ಐಸಾಕ್ ರಾಬರ್ಟ್ಸರು ದೇವಯಾನಿಯನ್ನು ಸುಮಾರು ನಾಲ್ಕು ಗಂಟೆ ಚಿತ್ರಿಸಿದರು. ಮಸುಕು ಕಲೆಯೊಳಗಿನ ಸುರುಳಿ ಅಂದು ಪ್ರಕಟವಾಯಿತು. ಅದು ಹುಟ್ಟುತ್ತಿರುವ ಸೌರವ್ಯೂಹವೆಂದು ಆಗ ಅನೇಕರು ಬಗೆದರು. 1923ರಲ್ಲಿ ಎಡ್ವಿನ್ ಹಬಲ್ಲರು ಅದರೊಳಗೆ ಕಾಂತಿ ಬದಲಿಸುವ ತಾರೆಯೊಂದನ್ನು ಗುರುತಿಸಿ, ಅದು ನಮ್ಮ ಆಕಾಶಗಂಗೆಯ ಆಚೆಯ ಬೇರೊಂದು ಗೆಲಾಕ್ಸಿಯೆಂದು ತೋರಿಸಿದರು. ಅವರಿಗೂ ಆಧಾರವಾದುದು ಛಾಯಾಚಿತ್ರದ ಫಲಕವೇ.

ಈ ಕೆಲಸಕ್ಕೆ ಬೇಕಾದುದು ತಾಳ್ಮೆ. ಭೂಮಿ ತಿರುಗುವುದರಿಂದ ಆಕಾಶವು ಗಂಟೆಗೆ 15 ಡಿಗ್ರಿ ಸರಿಯುತ್ತದೆ. ದೂರದರ್ಶಕವೂ ಅದೇ ಗತಿಯಲ್ಲಿ ತಿರುಗಬೇಕು. ತುಸು ತಪ್ಪಿದರೆ ತಾರೆಗಳೆಲ್ಲ ಗೀಟುಗಳಾಗುವುವು. ಇಂದು ಗಾಜಿನ ಫಲಕ ಹೋಗಿ ಎಲೆಕ್ಟ್ರಾನಿಕ್ ಕ್ಯಾಮೆರಾ ಬಂದಿದೆ. ಹಲವು ರಾತ್ರಿಗಳ ನೂರಾರು ಚಿತ್ರಗಳನ್ನು ಕಂಪ್ಯೂಟರಿನಲ್ಲಿ ಒಂದರ ಮೇಲೊಂದು ಕೂಡಿಸುತ್ತಾರೆ. ಹೀಗೆ ನೂರು ಗಂಟೆಗೂ ಮೀರಿದ ಬೆಳಕನ್ನು ಸಂಗ್ರಹಿಸಿ, ಫ್ರಾನ್ಸ್ ಮತ್ತು ಜರ್ಮನಿಯ ಹವ್ಯಾಸಿಗಳು ದೇವಯಾನಿಯ ಪಕ್ಕದಲ್ಲಿ ಆಮ್ಲಜನಕದ ಬೆಳಕಿನ ದೊಡ್ಡದೊಂದು ಕಮಾನನ್ನು ಕಂಡುಹಿಡಿದರು. 2023ರಲ್ಲಿ ಅದು ಪ್ರಕಟವಾಯಿತು. ಅಷ್ಟು ಪರಿಚಿತವಾದ ಆ ಎಡೆಯಲ್ಲಿ ಅದುವರೆಗೆ ಯಾರೂ ಅದನ್ನು ಕಂಡಿರಲಿಲ್ಲ.

ದೂರದರ್ಶಕವನ್ನು ಇಂದಲ್ಲ ನಾಳೆ ಕೊಳ್ಳಬಹುದು. ಕಳೆದುಹೋದ ಕತ್ತಲೆಯನ್ನು ಕೊಳ್ಳುವುದೆಲ್ಲಿ? ಕಾಡಂಚಿನಲ್ಲಿ ಬಾಳುವ ನಮಗೆ ಆನೆಯ ಭಯವುಂಟು, ದೀಪ ಬೇಡವೆನ್ನಲಾಗದು. ಆದರೆ ದೀಪದ ಮೇಲೊಂದು ಮುಚ್ಚಳವಿಟ್ಟು ಬೆಳಕನ್ನು ನೆಲಕ್ಕೆ ತಿರುಗಿಸಿದರೆ ದಾರಿಯೂ ಕಾಣುವುದು, ಆಕಾಶವೂ ಉಳಿಯುವುದು. ತಾಯಂದಿರೇ, ಮಗು ಅಂಗಳದಲ್ಲಿ ಮೇಲೆ ನೋಡುತ್ತ ನಿಂತರೆ ಗದರಿಸಿ ಒಳಗೆ ಕರೆಯದಿರಿ. ಜೊತೆಯಲ್ಲಿ ನಿಂತು ಆ ಕಲೆಯನ್ನು ನೀವೂ ಹುಡುಕಿರಿ.