ಗೆರೆ ಎಳೆಯುವ ಕೈ ಯಾವುದು?

(ಹುಣಸೂರಿನಲ್ಲಿ ಮಾಡಿದ ಭಾಷಣದ ಬರಹ ರೂಪ)



ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆ. ಈ ನಾಲ್ಕೂ ಕಡೆಯ ನಾವು ಒಂದೇ ಜಿಲ್ಲೆಯವರು. ಆದರೆ ಲೋಕಸಭೆ ಚುನಾವಣೆ ಬಂದಾಗ ಹುಣಸೂರು, ಪಿರಿಯಾಪಟ್ಟಣದವರು ಮೈಸೂರಿಗೆ, ಕೆ.ಆರ್. ನಗರದವರು ಮಂಡ್ಯಕ್ಕೆ, ಕೋಟೆಯವರು ಚಾಮರಾಜನಗರಕ್ಕೆ ಸೇರಿಬಿಡುತ್ತೇವೆ. ಊರು ಕದಲುವುದಿಲ್ಲ, ಗೆರೆ ಕದಲುತ್ತದೆ. ಆ ಗೆರೆಯ ಬಗ್ಗೆಯೇ ಇವತ್ತಿನ ಮಾತು.

ಜಿಲ್ಲೆಯ ಆಡಳಿತಕ್ಕೆ ಜನ ಪ್ರತಿನಿಧಿಗಳನ್ನು ಆರಿಸುವುದಕ್ಕೆ ಎರಡು ದಾರಿ. ಇಡೀ ಜಿಲ್ಲೆಯೇ ಒಂದು ಕ್ಷೇತ್ರವಾಗಿ ಎಲ್ಲರೂ ಎಲ್ಲರನ್ನೂ ಆರಿಸುವುದು ಒಂದು. ಜಿಲ್ಲೆಯನ್ನು ತುಂಡು ಮಾಡಿ, ತುಂಡಿಗೊಬ್ಬರನ್ನು ಆರಿಸುವುದು ಇನ್ನೊಂದು. ಮೊದಲನೆಯದು ನೋಡುವುದಕ್ಕೆ ಉದಾರ. ಆದರೆ ಅಮೆರಿಕದ ಜಾರ್ಜಿಯಾ ರಾಜ್ಯದ ಬರ್ಕ್ ಕೌಂಟಿಯಲ್ಲಿ ಆದದ್ದನ್ನು ಕೇಳಿ. ಅಲ್ಲಿನ ಜನಸಂಖ್ಯೆಯಲ್ಲಿ ಅರ್ಧಕ್ಕಿಂತ ಹೆಚ್ಚು ಕರಿಯರು. ಐವರು ಕಮಿಷನರುಗಳನ್ನು ಇಡೀ ಕೌಂಟಿ ಒಟ್ಟಾಗಿ ಆರಿಸುತ್ತಿತ್ತು. ಮತದಾರರ ಪಟ್ಟಿಯಲ್ಲಿ ಬಿಳಿಯರೇ ಹೆಚ್ಚು. ಹೀಗಾಗಿ ಐದು ಸ್ಥಾನವೂ ಅವರ ಪಾಲು, ಒಬ್ಬ ಕರಿಯನೂ ಗೆದ್ದಿರಲಿಲ್ಲ. ಕೌಂಟಿಯನ್ನು ಐದು ಕ್ಷೇತ್ರಗಳಾಗಿ ಒಡೆಯಬೇಕೆಂಬ ತೀರ್ಪನ್ನು 1982ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟು ಎತ್ತಿಹಿಡಿಯಿತು.

ನಮ್ಮಲ್ಲಿಗೆ ಬನ್ನಿ. 1952 ಮತ್ತು 1957ರ ಚುನಾವಣೆಗಳಲ್ಲಿ ಕೆಲವು ಕಡೆ ಒಂದೇ ಕ್ಷೇತ್ರದಿಂದ ಇಬ್ಬರು ಆರಿಸಿ ಬರುತ್ತಿದ್ದರು, ಒಂದು ಸ್ಥಾನ ಮೀಸಲು. 1961ರ ಕಾಯ್ದೆ ಅದನ್ನು ರದ್ದುಮಾಡಿತು. ಆದರೆ ಅದರ ನೆರಳು ಇವತ್ತಿಗೂ ಗ್ರಾಮ ಪಂಚಾಯಿತಿಯಲ್ಲಿ ಉಳಿದಿದೆ. ಒಂದೇ ವಾರ್ಡಿಗೆ ಎರಡೋ ಮೂರೋ ಸ್ಥಾನವಿದ್ದರೆ ನಮಗೆ ಅಷ್ಟೇ ಮತ. ಒಬ್ಬ ಅಭ್ಯರ್ಥಿಗೆ ಮಾತ್ರ ಒಂದೇ ಮತ. ತಾಲ್ಲೂಕು, ಜಿಲ್ಲಾ ಪಂಚಾಯಿತಿಗೆ ಬಂದರೆ ಕ್ಷೇತ್ರಕ್ಕೊಬ್ಬರೇ ಸದಸ್ಯರು.

ಜಿಲ್ಲಾ ಮಟ್ಟದಲ್ಲಿ ಜನರಿಗೆ ನೇರ ಮತ ಸಿಕ್ಕಿದ್ದು ಬಹಳ ತಡವಾಗಿ. 1959ರ ಕಾಯ್ದೆಯಲ್ಲಿ ತಾಲ್ಲೂಕು ಬೋರ್ಡಿಗೆ ಚುನಾವಣೆಯಿತ್ತು. ಜಿಲ್ಲಾ ಅಭಿವೃದ್ಧಿ ಮಂಡಳಿಗೆ ಜಿಲ್ಲಾಧಿಕಾರಿಯೇ ಅಧ್ಯಕ್ಷರು. ರಾಮಕೃಷ್ಣ ಹೆಗಡೆ ಮುಖ್ಯಮಂತ್ರಿ, ಅಬ್ದುಲ್ ನಜೀರ್ ಸಾಬ್ ಪಂಚಾಯತ್ ರಾಜ್ ಮಂತ್ರಿಯಾಗಿದ್ದಾಗ 1983ರ ಕಾಯ್ದೆ ಬಂತು. ಅದರಂತೆ 1987ರಲ್ಲಿ ಜಿಲ್ಲಾ ಪರಿಷತ್ತಿಗೆ ಚುನಾವಣೆ ನಡೆಯಿತು. ಶಾಲೆ, ಆಸ್ಪತ್ರೆ, ಕುಡಿಯುವ ನೀರಿನ ಬಗ್ಗೆ ‘ನಮ್ಮ ಮೆಂಬರ್’ ಎಂದು ಹಿಡಿದು ಕೇಳುವುದಕ್ಕೆ ಒಬ್ಬರು ಸಿಕ್ಕರು. 1993ರ ಕಾಯ್ದೆ ಜಿಲ್ಲಾ ಪಂಚಾಯಿತಿಗೆ ಸುಮಾರು 40,000 ಜನಕ್ಕೆ ಒಬ್ಬ ಸದಸ್ಯ ಎಂದಿತು. ಜನಸಂಖ್ಯೆಗೂ ಸ್ಥಾನಕ್ಕೂ ಇರುವ ಪ್ರಮಾಣ ಆದಷ್ಟು ಎಲ್ಲೆಡೆ ಒಂದೇ ಆಗಿರಬೇಕೆಂದು ಸಂವಿಧಾನದ 243ಸಿ ವಿಧಿಯೂ ಹೇಳುತ್ತದೆ.

ಹಾಗಾದರೆ ತುಂಡು ಮಾಡಿದರೆ ಎಲ್ಲ ಸರಿಹೋಯಿತೆ? ಇಲ್ಲ. ಕಬಿನಿ ಹಿನ್ನೀರು, ನಾಗರಹೊಳೆಯ ಅಂಚಿನಲ್ಲಿ ಚದುರಿದ ಜೇನುಕುರುಬರ, ಬೆಟ್ಟಕುರುಬರ ಹಾಡಿಗಳನ್ನು ನೆನೆಯಿರಿ. ಜಿಲ್ಲೆಗೆಲ್ಲ ಒಂದೇ ಮತವಾದರೆ ಅವರ ದನಿ ಕೇಳಿಸುವುದೇ ಇಲ್ಲ. ಕ್ಷೇತ್ರ ಮಾಡಿದರೂ, ಹಾಡಿಗಳ ನಡುವೆಯೇ ಗೆರೆ ಹಾದುಹೋದರೆ ನಾಲ್ಕು ಕ್ಷೇತ್ರದಲ್ಲೂ ಅವರು ಅಲ್ಪಸಂಖ್ಯಾತರೇ. ಪಿರಿಯಾಪಟ್ಟಣದ ತಂಬಾಕು ಬೆಳೆಗಾರನ ಚಿಂತೆ ಬ್ಯಾರನ್ ಸೌದೆಯದು, ಕೆ.ಆರ್. ನಗರದ ಭತ್ತದ ರೈತನ ಚಿಂತೆ ನಾಲೆ ನೀರಿನದು. ತಲೆ ಎಣಿಸುವುದು ಸುಲಭ. ಯಾರ ಬದುಕು ಯಾರ ಜೊತೆ ಹೆಣೆದುಕೊಂಡಿದೆ ಎಂದು ತಿಳಿಯುವುದು ಕಷ್ಟ. ಗೆರೆ ಎಳೆಯುವವರಿಗೆ ಎರಡೂ ತಿಳಿದಿರಬೇಕು.

ಇದಕ್ಕಿಂತ ದೊಡ್ಡ ತೊಂದರೆ ಗೆರೆಯ ನೆಪದಲ್ಲಿ ಚುನಾವಣೆಯೇ ನಿಲ್ಲುವುದು. 2016ರಲ್ಲಿ ಆರಿಸಿ ಬಂದ ಜಿಲ್ಲಾ, ತಾಲ್ಲೂಕು ಪಂಚಾಯಿತಿ ಸದಸ್ಯರ ಅವಧಿ 2021ರಲ್ಲಿ ಮುಗಿಯಿತು. ಅದೇ ವರ್ಷ ಕ್ಷೇತ್ರ ವಿಂಗಡಣೆಯ ಅಧಿಕಾರವನ್ನು ರಾಜ್ಯ ಚುನಾವಣಾ ಆಯೋಗದಿಂದ ತೆಗೆದು ಬೇರೆ ಆಯೋಗಕ್ಕೆ ಕೊಡುವ ತಿದ್ದುಪಡಿ ಬಂತು. ವಿಂಗಡಣೆ, ಮೀಸಲಾತಿ, ಕೋರ್ಟು ಎಂದು ವರ್ಷಗಳು ಕಳೆದವು. ಆ ವರ್ಷಗಳಲ್ಲಿ ಸದಸ್ಯರ ಜಾಗದಲ್ಲಿ ಆಡಳಿತಾಧಿಕಾರಿ ಕೂತರು. ಐದು ವರ್ಷ ಮುಗಿಯುವ ಮೊದಲೇ ಚುನಾವಣೆ ಆಗಬೇಕೆಂದು ಸಂವಿಧಾನ ಹೇಳುತ್ತದೆ. ಕ್ಷೇತ್ರ ವಿಂಗಡಣೆ ಅದಕ್ಕೆ ಅಡ್ಡಿಯಾಗಬಾರದು, ಮುಂಚಿತವಾಗಿ ಮುಗಿಸಿಕೊಳ್ಳಬೇಕು ಎಂದು 2006ರಲ್ಲಿ ಅಹಮದಾಬಾದ್ ನಗರಪಾಲಿಕೆಯ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಹೇಳಿದ್ದೂ ಇದನ್ನೇ.

ಗೆದ್ದರೆ ಲಾಭ, ಸೋತರೆ ನಷ್ಟ ಇರುವವರ ಕೈಗೆ ಗೆರೆ ಎಳೆಯುವ ಸೀಮೆಸುಣ್ಣ ಕೊಡಬಾರದು. ಹೊಲದ ಬದುವಿನ ಜಗಳವನ್ನು ಹೊಲದ ಒಡೆಯನೇ ತೀರ್ಮಾನಿಸುವುದುಂಟೆ? ಎಚ್.ಡಿ. ಕೋಟೆಯಿಂದ ಸರಗೂರು, ಕೆ.ಆರ್. ನಗರದಿಂದ ಸಾಲಿಗ್ರಾಮ ಹೊಸ ತಾಲ್ಲೂಕುಗಳಾದ ಮೇಲೆ ಗೆರೆಗಳು ಮತ್ತೆ ಬದಲಾಗುವುದು ಸಹಜ. ಕರಡು ಪಟ್ಟಿ ಹೊರಬಿದ್ದಾಗ ಆಕ್ಷೇಪಣೆ ಸಲ್ಲಿಸುವುದಕ್ಕೆ ಕೆಲವು ದಿನ ಕೊಡುತ್ತಾರೆ. ಪಂಚಾಯಿತಿ ಕಚೇರಿಗೆ ಹೋಗಿ, ನಿಮ್ಮೂರು ಯಾವ ಊರುಗಳ ಜೊತೆ ಸೇರಿದೆ ನೋಡಿ. ಸರಿಯಿಲ್ಲದಿದ್ದರೆ ಬರೆದು ಕೊಡಿ. ಮತ ಹಾಕುವ ದಿನಕ್ಕೆ ಎಲ್ಲರೂ ಕಾಯುತ್ತಾರೆ. ಆ ಮತದ ಬೆಲೆ ಮಾತ್ರ ಅದಕ್ಕೆ ಎಷ್ಟೋ ಮೊದಲು, ಆ ಕರಡು ಪಟ್ಟಿಯಲ್ಲೇ ತೀರ್ಮಾನವಾಗಿರುತ್ತದೆ.