ತುತ್ತು ಎದೆಯಲ್ಲಿ ನಿಂತಾಗ



ನನ್ನ ತಮ್ಮ ಚಿಕ್ಕಂದಿನಿಂದ ನಿಧಾನವಾಗಿ ಉಣ್ಣುತ್ತಿದ್ದ. ತುತ್ತಿಗೊಂದು ಗುಟುಕು ನೀರು ಬೇಕು. ಮುದ್ದೆ ಕಂಡರೆ ಹೆದರುತ್ತಿದ್ದ. "ಉಣ್ಣೋಕೂ ಸೋಮಾರಿತನವೇನೋ?" ಅಂತ ನಾವೇ ಬೈಯುತ್ತಿದ್ದೆವು.

ಒಂದು ದಿನ ಬೀಗರ ಊಟದಲ್ಲಿ ಮಾಂಸದ ತುಂಡು ಎದೆಯಲ್ಲಿ ಸಿಕ್ಕಿಕೊಂಡಿತು. ಉಸಿರೇನೋ ಆಡುತ್ತಿತ್ತು. ಆದರೆ ಎಂಜಲು ನುಂಗಲೂ ಆಗಲಿಲ್ಲ. ಯಾರೋ ಬಾಳೆಹಣ್ಣು ತಿನ್ನಿಸಲು ಹೋದರು. ಯಾರೋ ದೃಷ್ಟಿ ತೆಗೆದರು. ಕೊನೆಗೆ ಆಸ್ಪತ್ರೆಗೆ ಓಡಿದೆವು. ಡಾಕ್ಟರು ಬಾಯಿಂದ ಸಣ್ಣ ಕೊಳವೆ ಇಳಿಸಿ ತುಂಡು ತೆಗೆದರು. ಒಳಪೊರೆಯ ಚೂರನ್ನು ಪರೀಕ್ಷೆಗೆ ಕಳಿಸಿದರು. ಆಗ ರೋಗ ಗೊತ್ತಾಯಿತು.

ಇದು ಯಾವ ರೋಗ?

ಬಾಯಿಂದ ಹೊಟ್ಟೆಗೆ ಅನ್ನ ಇಳಿಸುವ ಕೊಳವೆಯೇ ಅನ್ನನಾಳ. ದೊಡ್ಡವರಲ್ಲಿ ಸುಮಾರು 25 ಸೆಂಟಿಮೀಟರ್, ಅಂದರೆ ಗೇಣಿಗಿಂತ ಸ್ವಲ್ಪ ಉದ್ದ. ನಮ್ಮ ರಕ್ತದಲ್ಲಿ ಇಯೊಸಿನೊಫಿಲ್ ಎಂಬ ಬಿಳಿ ಕಣಗಳಿವೆ. ಕೆಲವರಿಗೆ ಒಗ್ಗದ ಆಹಾರ ತಿಂದರೆ ಈ ಕಣಗಳು ಅನ್ನನಾಳದಲ್ಲಿ ಗುಂಪುಗೂಡುತ್ತವೆ. ನಾಳ ಊದಿಕೊಳ್ಳುತ್ತದೆ. ಆಸ್ತಮಾ, ಇಸುಬು ಇರುವವರಲ್ಲಿ ಇದು ಹೆಚ್ಚು. ಇದು ಅಂಟುರೋಗ ಅಲ್ಲ. ಯಾರ ದೃಷ್ಟಿಯೂ ಅಲ್ಲ.

ಹಾಗೇ ಬಿಟ್ಟರೆ?

ವರ್ಷಗಟ್ಟಲೆ ಊತ ಇದ್ದರೆ ನಾಳ ಗಡುಸಾಗುತ್ತದೆ, ಕಿರಿದಾಗುತ್ತದೆ. ತುತ್ತು ಪದೇ ಪದೇ ಸಿಕ್ಕಿಕೊಳ್ಳುತ್ತದೆ. ಅಪರೂಪಕ್ಕೆ ನಾಳ ಹರಿಯುತ್ತದೆ. ಅದು ಪ್ರಾಣಕ್ಕೇ ಅಪಾಯ. ಚಿಕ್ಕ ಮಕ್ಕಳು ವಾಂತಿ ಮಾಡುತ್ತಾರೆ, ಊಟ ಬೇಡ ಅಂತಾರೆ. ಮೈ ಹತ್ತುವುದಿಲ್ಲ.

ಚಿಕಿತ್ಸೆ ಏನು?

ಮುಖ್ಯವಾಗಿ ಮೂರು ದಾರಿ ಇವೆ. ಒಂದು, ಹೊಟ್ಟೆಯ ಆಮ್ಲ ಇಳಿಸುವ ಮಾತ್ರೆ. ಎರಡು, ಊತ ಇಳಿಸುವ ಸ್ಟೀರಾಯ್ಡ್ ಔಷಧಿ. ಇದನ್ನು ನುಂಗಬೇಕು. ನುಂಗಿದ ಮೇಲೆ ಅರ್ಧ ಗಂಟೆ ನೀರೂ ಕುಡಿಯಬಾರದು. ಔಷಧಿ ನಾಳಕ್ಕೆ ಅಂಟಿ ನಿಲ್ಲಬೇಕಲ್ಲ! ಮೂರು, ಒಗ್ಗದ ಆಹಾರ ಬಿಡುವುದು. ಹಾಲು, ಗೋಧಿ, ಮೊಟ್ಟೆ ಹೆಚ್ಚಾಗಿ ಒಗ್ಗದವು. ಆದರೆ ನಾವೇ ಊಹೆ ಮಾಡಿ ಮಕ್ಕಳಿಗೆ ಪಥ್ಯ ಹಾಕಬಾರದು. ಡಾಕ್ಟರನ್ನು ಕೇಳಿಯೇ ಬಿಡಿಸಬೇಕು. ನಾಳ ತೀರಾ ಕಿರಿದಾಗಿದ್ದರೆ ಡಾಕ್ಟರು ಹಿಗ್ಗಿಸುತ್ತಾರೆ.

ವಾಸಿಯಾಯಿತು ಅಂತ ಔಷಧಿ ನಿಲ್ಲಿಸಿದರೆ ರೋಗ ಸಾಮಾನ್ಯವಾಗಿ ಮರಳಿ ಬರುತ್ತದೆ. ನನ್ನ ತಮ್ಮನೂ ಒಮ್ಮೆ ನಿಲ್ಲಿಸಿ ಮತ್ತೆ ಕಷ್ಟಪಟ್ಟ. ಈಗ ಹಾಲು, ಮೊಸರು ಬಿಟ್ಟಿದ್ದಾನೆ. ಔಷಧಿ ತಪ್ಪಿಸುವುದಿಲ್ಲ. ಎಲ್ಲರ ಜೊತೆ ಕೂತು ಮುದ್ದೆ ಉಣ್ಣುತ್ತಾನೆ.

ಅಕ್ಕಂದಿರೆ, ತುತ್ತು ಸಿಕ್ಕಿ ಎಂಜಲೂ ಇಳಿಯದಿದ್ದರೆ ಮೇಲೆ ಏನೂ ತಿನ್ನಿಸಬೇಡಿ. ತಡಮಾಡದೆ ಆಸ್ಪತ್ರೆಗೆ ಹೋಗಿ. ಮನೆಯಲ್ಲಿ ಯಾರಾದರೂ ತುತ್ತಿಗೊಂದು ಗುಟುಕು ನೀರು ಕುಡಿದರೆ ನಮ್ಮ ಹಾಗೆ ಬೈಯಬೇಡಿ. "ನುಂಗೋಕೆ ಕಷ್ಟ ಆಗ್ತದಾ?" ಅಂತ ಕೇಳಿ.