ಗಿಣ್ಣುಹಾಲು ಮತ್ತು ಕರುವಿನ ಮೊದಲ ದಿನ



ಪ್ರಾಣಿಗಳ ದೇಹ ರೋಗವನ್ನು ಹೇಗೆ ಎದುರಿಸುತ್ತದೆ ಎಂಬುದರ ಬಗ್ಗೆ ಮಾತನಾಡಬೇಕೆಂದು ಕೇಳಿದಿರಿ. ವಿಷಯ ದೊಡ್ಡದು. ಎಲ್ಲವನ್ನೂ ಹೇಳಹೊರಟರೆ ಜೀವಕೋಶಗಳ ಹೆಸರು ಒಪ್ಪಿಸಿ ಕೂರಬೇಕಾಗುತ್ತದೆ. ಅದಕ್ಕೇ ಹಸುವಿನ ಕರುವೊಂದನ್ನೇ, ಅದರಲ್ಲೂ ಅದು ಹುಟ್ಟಿದ ಮೊದಲ ದಿನವನ್ನೇ ಹಿಡಿದು ಮಾತನಾಡುತ್ತೇನೆ. ನಮ್ಮ ಕೊಟ್ಟಿಗೆಗಳಲ್ಲಿ ಭೇದಿ ಹತ್ತಿ, ಕೆಮ್ಮು ಹತ್ತಿ ಸಾಯುವ ಎಳೆಗರುಗಳಲ್ಲಿ ಎಷ್ಟೋ ಕರುಗಳನ್ನು ಆ ಒಂದೇ ದಿನದ ಎಚ್ಚರಿಕೆಯಿಂದ ಉಳಿಸಿಕೊಳ್ಳಬಹುದು. ಇದು ನನ್ನನ್ನು ಬಹಳ ಕಾಲದಿಂದ ಕಾಡುತ್ತಿರುವ ಸಂಗತಿ.

ಆಗತಾನೆ ಹುಟ್ಟಿದ, ಇನ್ನೂ ಹಾಲು ಕುಡಿಯದ ಕರುವಿನ ರಕ್ತ ತೆಗೆದು ನೋಡಿದರೆ ಪ್ರತಿಕಾಯಗಳು ಇಲ್ಲವೇ ಇಲ್ಲ ಎನ್ನುವಷ್ಟು ಕಡಿಮೆ ಇರುತ್ತವೆ. ಮನುಷ್ಯರ ಮಗು ಹಾಗಲ್ಲ. ತಾಯಿಯ ಐಜಿಜಿ ಪ್ರತಿಕಾಯಗಳು ಬಸಿರಿನ ಕೊನೆಯ ತಿಂಗಳುಗಳಲ್ಲಿ ಮಾಸಿನ ಮೂಲಕ ಮಗುವಿನ ರಕ್ತಕ್ಕೆ ದಾಟಿರುತ್ತವೆ. ಹಸು, ಎಮ್ಮೆ, ಕುರಿ, ಮೇಕೆಗಳ ಮಾಸಿನ ರಚನೆಯೇ ಬೇರೆ. ಅಲ್ಲಿ ತಾಯಿಯ ರಕ್ತಕ್ಕೂ ಮರಿಯ ರಕ್ತಕ್ಕೂ ನಡುವೆ ಜೀವಕೋಶಗಳ ಪದರಗಳು ಹೆಚ್ಚು. ಆಮ್ಲಜನಕ ದಾಟುತ್ತದೆ, ಸಕ್ಕರೆ ದಾಟುತ್ತದೆ, ಪ್ರತಿಕಾಯದಂಥ ದೊಡ್ಡ ಪ್ರೋಟೀನು ದಾಟುವುದಿಲ್ಲ.

ಹಾಗಂತ ಕರುವಿಗೆ ಸ್ವಂತದ್ದು ಏನೂ ಇಲ್ಲವೆಂದಲ್ಲ. ಚರ್ಮವಿದೆ, ಮೂಗು ಶ್ವಾಸನಾಳಗಳ ಲೋಳೆಯಿದೆ, ಬ್ಯಾಕ್ಟೀರಿಯಾಗಳನ್ನು ನುಂಗುವ ನ್ಯೂಟ್ರೋಫಿಲ್, ಮ್ಯಾಕ್ರೋಫೇಜ್ ಕೋಶಗಳಿವೆ. ಟಿ ಮತ್ತು ಬಿ ಲಿಂಫೋಸೈಟುಗಳೂ ತಾಯಿಯ ಹೊಟ್ಟೆಯಲ್ಲೇ ತಯಾರಾಗಿರುತ್ತವೆ. ಒಂದೊಂದು ಲಿಂಫೋಸೈಟಿನ ಮೈಮೇಲೂ ಒಂದೊಂದು ಬಗೆಯ ಗ್ರಾಹಕ. ರೋಗಾಣು ಒಳಹೊಕ್ಕಾಗ ಅದಕ್ಕೆ ಹೊಂದುವ ಕೆಲವೇ ಕೋಶಗಳು ಅದನ್ನು ಹಿಡಿದು, ವಿಭಜಿಸಿ ವಿಭಜಿಸಿ ದೊಡ್ಡ ಸಂಖ್ಯೆಗೆ ಬೆಳೆದು, ಆಮೇಲಷ್ಟೇ ಸಾಕಷ್ಟು ಪ್ರತಿಕಾಯ ಸುರಿಸಬೇಕು. ಮೊದಲ ಸಲ ಕಂಡ ರೋಗಾಣುವಿಗೆ ಇದೆಲ್ಲ ಆಗಲು ಒಂದೆರಡು ವಾರ ಬೇಕು. ಕೊಟ್ಟಿಗೆಯ ಸಗಣಿಯಲ್ಲಿರುವ ಈ.ಕೋಲಿ ಎಳೆಗರುವನ್ನು ಮಲಗಿಸಲು ಎರಡು ಮೂರು ದಿನ ಸಾಕು. ಈ ನಡುವಿನ ದಿನಗಳನ್ನು ಕರು ದಾಟಬೇಕಾದರೆ ಬೇರೆಯವರ ಪ್ರತಿಕಾಯ ಅದರ ರಕ್ತದಲ್ಲಿ ಓಡಾಡಬೇಕು. ಅದನ್ನು ಕೊಡುವುದು ಗಿಣ್ಣುಹಾಲು.

ತಾಯಿಹಾಲಿನಿಂದ ರೋಗರಕ್ಷೆ ಮರಿಗೆ ಹೋಗುತ್ತದೆಂದು 1892ರಲ್ಲಿ ತೋರಿಸಿದವರು ಜರ್ಮನಿಯ ಪಾಲ್ ಎರ್ಲಿಕ್. ಇಲಿಮರಿಗಳನ್ನು ಒಂದು ತಾಯಿಯಿಂದ ಇನ್ನೊಂದಕ್ಕೆ ಬದಲಾಯಿಸಿ ಹಾಲು ಕುಡಿಸಿ ಅವರು ಅದನ್ನು ಪತ್ತೆ ಮಾಡಿದರು. ದನಗಳ ವಿಷಯದಲ್ಲಿ ಕಣ್ಣು ತೆರೆಸಿದ ಕೆಲಸ 1922ರದ್ದು. ಅಮೆರಿಕದ ಥಿಯೊಬಾಲ್ಡ್ ಸ್ಮಿತ್ ಮತ್ತು ರಾಲ್ಫ್ ಲಿಟ್ಲ್ ಕೆಲವು ಕರುಗಳಿಗೆ ಗಿಣ್ಣುಹಾಲು ಕೊಟ್ಟರು, ಕೆಲವಕ್ಕೆ ಕೊಡದೆ ಮಾಮೂಲಿ ಹಾಲು ಕೊಟ್ಟರು. ಗಿಣ್ಣು ಕಾಣದ ಕರುಗಳಲ್ಲಿ ಹೆಚ್ಚಿನವು ಕೆಲವೇ ದಿನಗಳಲ್ಲಿ ಸತ್ತವು. ಹಾಲಿನ ಪೌಷ್ಟಿಕತೆ ಅಲ್ಲಿ ಪ್ರಶ್ನೆಯಾಗಿರಲಿಲ್ಲ, ಹೊಟ್ಟೆ ತುಂಬಾ ಕುಡಿದೂ ಅವು ಸತ್ತಿದ್ದವು.

ಗಿಣ್ಣು ತಯಾರಾಗುವ ಬಗೆ ನೋಡಿ. ಕರು ಹಾಕಲು ಇನ್ನೂ ಕೆಲವು ವಾರ ಇರುವಾಗಲೇ ಹಸುವಿನ ಕೆಚ್ಚಲು ಅದರ ರಕ್ತದಲ್ಲಿರುವ ಐಜಿಜಿ1 ಪ್ರತಿಕಾಯಗಳನ್ನು ಆರಿಸಿ ಆರಿಸಿ ಎಳೆದುಕೊಳ್ಳಲು ಶುರುಮಾಡುತ್ತದೆ. ಎಷ್ಟರ ಮಟ್ಟಿಗೆಂದರೆ, ತಾಯಿಯ ರಕ್ತದಲ್ಲೇ ಅವುಗಳ ಮಟ್ಟ ಇಳಿದುಬಿಡುತ್ತದೆ. ಆ ಹಸು ಅದುವರೆಗೆ ಯಾವ ಯಾವ ರೋಗಾಣುವನ್ನು ಎದುರಿಸಿದೆಯೋ, ಯಾವ ಯಾವ ಲಸಿಕೆ ಹಾಕಿಸಿಕೊಂಡಿದೆಯೋ ಅದೆಲ್ಲದರ ಪ್ರತಿಕಾಯ ಕೆಚ್ಚಲಲ್ಲಿ ಕೂಡಿಬೀಳುತ್ತದೆ. ಗಬ್ಬದ ಕೊನೆಯ ಎರಡು ತಿಂಗಳು ಹಾಲು ಬತ್ತಿಸಿ ಅಂತ ನಾವು ಹೇಳುವುದರಲ್ಲಿ ಈ ಕಾರಣವೂ ಸೇರಿದೆ. ಕರು ಬಿದ್ದ ಮೇಲೆ ಪ್ರತಿ ಸಲ ಕರೆದಾಗಲೂ ಸಾಂದ್ರತೆ ಇಳಿಯುತ್ತದೆ. ಮೊದಲ ಹಾಲಿನ ಶಕ್ತಿ ಮೂರನೆಯ ಹಾಲಿಗಿಲ್ಲ.

ಇನ್ನು ಕರುವಿನ ಕರುಳಿಗೆ ಬರೋಣ. ನಮ್ಮ ನಿಮ್ಮ ಕರುಳು ಪ್ರೋಟೀನನ್ನು ಚೂರುಚೂರು ಮಾಡಿಯೇ ಒಳಗೆ ಬಿಡುವುದು. ಹುಟ್ಟಿದ ಕರುವಿನ ಸಣ್ಣ ಕರುಳಿನ ಕೋಶಗಳು ಮಾತ್ರ ಕೆಲವು ಗಂಟೆಗಳ ಕಾಲ ಇಡೀ ಪ್ರೋಟೀನನ್ನೇ ಗುಟುಕರಿಸುತ್ತವೆ. ಪ್ರತಿಕಾಯ ಮುರಿಯದೆ ಕೋಶದೊಳಗೆ ಹೋಗಿ, ಆಚೆ ಬದಿಯಿಂದ ದುಗ್ಧರಸಕ್ಕೆ ಇಳಿದು, ಅಲ್ಲಿಂದ ರಕ್ತ ಸೇರುತ್ತದೆ. ಅದು ದಾರಿಯಲ್ಲಿ ಜೀರ್ಣವಾಗದಿರಲೆಂದು ಟ್ರಿಪ್ಸಿನ್ ಕಿಣ್ವವನ್ನು ತಡೆಯುವ ವಸ್ತುವೂ ಗಿಣ್ಣಿನಲ್ಲೇ ಇರುತ್ತದೆ. ಇದು ಸ್ವಲ್ಪ ಹೊತ್ತು ತೆರೆದಿಟ್ಟ ಬಾಗಿಲಿನ ಹಾಗೆ. ಹುಟ್ಟಿದ ಕ್ಷಣದಿಂದಲೇ ಅದು ಮುಚ್ಚಿಕೊಳ್ಳತೊಡಗುತ್ತದೆ, ಆರು ಗಂಟೆ ಕಳೆಯುವಷ್ಟರಲ್ಲಿ ಹೀರುವ ಶಕ್ತಿ ಬಹಳ ಕುಗ್ಗಿರುತ್ತದೆ, ಇಪ್ಪತ್ತನಾಲ್ಕು ಗಂಟೆಗೆ ಹೆಚ್ಚುಕಡಿಮೆ ಮುಚ್ಚಿಯೇ ಹೋಗುತ್ತದೆ. ಜೊತೆಗೆ ಆ ಬಾಗಿಲಿಗೆ ಒಳ್ಳೆಯದು ಕೆಟ್ಟದ್ದೆಂಬ ಭೇದವಿಲ್ಲ. ಕೊಳಕು ಕೆಚ್ಚಲು ಚೀಪಿ ಬ್ಯಾಕ್ಟೀರಿಯಾ ಮೊದಲು ಕರುಳು ಸೇರಿದರೆ ಅವೂ ಒಳನುಗ್ಗಬಲ್ಲವು. ಬೇಗ ಕುಡಿಸಬೇಕು, ಕೆಚ್ಚಲು ತೊಳೆದೇ ಕುಡಿಸಬೇಕು.

ಈಗ ನಮ್ಮೂರುಗಳ ವಾಡಿಕೆಯೊಂದನ್ನು ನೇರವಾಗಿ ಹೇಳಿಬಿಡುತ್ತೇನೆ. ಸತ್ತೆ, ಅಂದರೆ ಮಾಸು, ಬೀಳುವ ತನಕ ಕರುವನ್ನು ಕೆಚ್ಚಲಿಗೆ ಬಿಡಬಾರದೆಂದು ಎಷ್ಟೋ ಮನೆಗಳಲ್ಲಿ ಹಿರಿಯರು ಕಟ್ಟುನಿಟ್ಟಾಗಿ ಪಾಲಿಸುತ್ತಾರೆ. ಸತ್ತೆ ಬೀಳಲು ಹತ್ತು ಹನ್ನೆರಡು ಗಂಟೆ ಹಿಡಿಯುವುದು ಅಪರೂಪವಲ್ಲ. ರಾತ್ರಿ ಹುಟ್ಟಿದ ಕರು ಬೆಳಗಿನವರೆಗೆ ಮೂಲೆಯಲ್ಲಿ ನಡುಗುತ್ತ ಕಾಯುತ್ತದೆ, ಅದಕ್ಕೆ ಸಿಗಬೇಕಾದ ಹೊತ್ತಿನ ಬಹುಪಾಲು ಅಲ್ಲೇ ಕಳೆದುಹೋಗುತ್ತದೆ. ಕರು ಚೀಪಿದಾಗ ತಾಯಿಯಲ್ಲಿ ಆಕ್ಸಿಟೋಸಿನ್ ಹಾರ್ಮೋನು ಬಿಡುಗಡೆಯಾಗಿ ಗರ್ಭಕೋಶ ಸಂಕುಚಿಸುತ್ತದೆ. ಅಂದರೆ ಕರು ಚೀಪಿದರೆ ಸತ್ತೆ ಬೀಳಲು ಅನುಕೂಲವೇ ಹೊರತು ಅಡ್ಡಿಯಿಲ್ಲ. ದಯವಿಟ್ಟು ಈ ಕಾಯುವಿಕೆಯನ್ನು ಬಿಡಿ. ಗಿಣ್ಣು ಕಾಸಿ ನೆಂಟರಿಗೆ ಹಂಚುವುದು ನಮ್ಮ ಮನೆಗಳ ಸಂಭ್ರಮ, ಅದನ್ನು ಬಿಡಬೇಕೆಂದು ಹೇಳಲಾರೆ. ಕರುವಿನ ಹೊಟ್ಟೆ ತುಂಬಿದ ಮೇಲೆ ಉಳಿದದ್ದು ಒಲೆಯ ಮೇಲೆ ಹೋಗಲಿ. ಗಂಡುಕರುವಿಗೂ ಇದೇ ಮಾತು. ಮಾರುಕಟ್ಟೆಯಲ್ಲಿ ಬೆಲೆಯಿಲ್ಲವೆಂದು ಅದರ ಪಾಲಿನ ಗಿಣ್ಣು ಕಿತ್ತುಕೊಳ್ಳುವುದು ನನಗೆ ಸಹಿಸಲಾಗದ ಸಂಗತಿ.

ಎಷ್ಟು ಕುಡಿಸಬೇಕು? ಕರುವಿನ ತೂಕದ ಹತ್ತನೆಯ ಒಂದು ಭಾಗ. ಮೂವತ್ತು ಕೆಜಿಯ ಕರುವಿಗೆ ಮೂರು ಲೀಟರು, ಮೊದಲ ಎರಡು ಗಂಟೆಯೊಳಗೆ ಆದಷ್ಟು, ಉಳಿದದ್ದು ಆರು ಗಂಟೆಯೊಳಗೆ. ಹಳದಿಯಾಗಿ ಗಟ್ಟಿಯಾಗಿದ್ದರೆ ಒಳ್ಳೆಯ ಗಿಣ್ಣು ಎಂದು ಕಣ್ಣಳತೆಯಲ್ಲಿ ಹೇಳುವುದುಂಟು, ಅದನ್ನು ಪೂರ್ತಿ ನಂಬಬೇಡಿ. ಕಬ್ಬಿನ ರಸದ ಸಿಹಿ ಅಳೆಯುವ ಬ್ರಿಕ್ಸ್ ಮಾಪಕವನ್ನು ಮಂಡ್ಯ ಕಡೆಯ ರೈತರು ನೋಡಿರುತ್ತಾರೆ. ಅದರ ಗಾಜಿನ ಮೇಲೆ ಒಂದು ಹನಿ ಗಿಣ್ಣು ಬಿಟ್ಟು, ಬೆಳಕಿಗೆ ಹಿಡಿದು, ಗೆರೆ 22ರ ಮೇಲಿದೆಯೇ ನೋಡಿ. ಇದ್ದರೆ ಲೀಟರಿಗೆ ಸುಮಾರು 50 ಗ್ರಾಂ ಐಜಿಜಿ ಇದೆಯೆಂದು ಲೆಕ್ಕ. ಕಡಿಮೆಯಿದ್ದರೆ ಹೆಚ್ಚು ಕುಡಿಸಬೇಕು.

ತಾಯಿಯಿಂದ ಬಂದ ಈ ಪ್ರತಿಕಾಯಗಳು ಖರ್ಚಾಗುತ್ತ ಹೋಗುತ್ತವೆ, ಕೆಲವು ತಿಂಗಳಲ್ಲಿ ಮುಗಿಯುತ್ತವೆ. ಅಷ್ಟರಲ್ಲಿ ಕರುವಿನ ಸ್ವಂತ ಲಿಂಫೋಸೈಟುಗಳು ಕೆಲಸ ಕಲಿತಿರಬೇಕು. ಲಸಿಕೆ ಅದಕ್ಕೇ ಇರುವುದು. ಆದರೆ ತಾಯಿಯ ಪ್ರತಿಕಾಯ ದಟ್ಟವಾಗಿರುವಾಗ ಲಸಿಕೆ ಹಾಕಿದರೆ ಅವು ಲಸಿಕೆಯನ್ನೇ ಹಿಡಿದು ಮುಗಿಸಿಬಿಡುತ್ತವೆ, ಕರುವಿಗೆ ಕಲಿಯಲು ಏನೂ ಉಳಿಯುವುದಿಲ್ಲ. ಕಾಲುಬಾಯಿ ಜ್ವರದ ಮೊದಲ ಲಸಿಕೆಯನ್ನು ನಾಲ್ಕು ತಿಂಗಳು ತುಂಬಿದ ಮೇಲೆ ಹಾಕುವುದು ಇದರಿಂದ. ತಿಂಗಳ ನಂತರ ಇನ್ನೊಂದು, ಆಮೇಲೆ ಆರು ತಿಂಗಳಿಗೊಮ್ಮೆ. ಎಲ್ಲ ಲಸಿಕೆಗಳ ನೆನಪೂ ಒಂದೇ ಅಲ್ಲ. ದನಗಳ ದೊಡ್ಡರೋಗಕ್ಕೆ (ರಿಂಡರ್‌ಪೆಸ್ಟ್) ವಾಲ್ಟರ್ ಪ್ಲೌರೈಟ್ ಕೀನ್ಯಾದಲ್ಲಿ ರೂಪಿಸಿದ ಜೀವಂತ ಲಸಿಕೆ ವರ್ಷಗಟ್ಟಲೆ ನೆನಪು ಉಳಿಸುತ್ತಿತ್ತು, ಅಂಥ ಲಸಿಕೆಯ ಬಲದಿಂದಲೇ ಆ ರೋಗ ಭೂಮಿಯಿಂದ ಅಳಿದಿದೆಯೆಂದು 2011ರಲ್ಲಿ ಸಾರಲಾಯಿತು. ಕಾಲುಬಾಯಿಯ ಲಸಿಕೆಯಲ್ಲಿರುವುದು ಸತ್ತ ವೈರಸ್, ಅದರ ನೆನಪು ಬೇಗ ಮಾಸುತ್ತದೆ. ನಮ್ಮ ದೇಶದಲ್ಲಿ ಓ, ಎ, ಏಷ್ಯಾ-1 ಎಂಬ ಮೂರು ಬಗೆಗಳ ವಿರುದ್ಧ ಹಾಕಬೇಕು, ಒಂದರ ರಕ್ಷೆ ಇನ್ನೊಂದಕ್ಕೆ ಆಗುವುದಿಲ್ಲ. 2022ರಲ್ಲಿ ಚರ್ಮಗಂಟು ರೋಗ ಹಬ್ಬಿದಾಗ ಇದಕ್ಕೆ ತದ್ವಿರುದ್ಧವಾದದ್ದನ್ನು ಕಂಡೆವು. ಆ ವೈರಸ್ಸೂ ಮೇಕೆ ಸಿಡುಬಿನ ವೈರಸ್ಸೂ ಹತ್ತಿರದ ಸಂಬಂಧಿಗಳಾದ್ದರಿಂದ ಮೇಕೆಯ ಲಸಿಕೆಯನ್ನೇ ದನಗಳಿಗೆ ಹಾಕಲಾಯಿತು.

ಕೊನೆಗೆ ಒಂದು ಬೇಡಿಕೆ. ಕರು ಹಾಕುವಾಗ ತಾಯಿ ಸಾಯುವುದುಂಟು, ಚೊಚ್ಚಲ ಹಸುವಿಗೆ ಗಿಣ್ಣು ಸಾಲದಿರುವುದುಂಟು. ಹಾಲಿನ ಸಂಘದ ಕಟ್ಟಡದಲ್ಲಿ ಒಂದು ಸಣ್ಣ ಫ್ರೀಜರ್ ಇಡಿ. ಕಂದುರೋಗ, ಕ್ಷಯ ಇಲ್ಲವೆಂದು ಪರೀಕ್ಷೆಯಾದ, ಲಸಿಕೆ ತಪ್ಪದ, ಎರಡು ಮೂರು ಸೂಲು ಕಂಡ ಹಸುವಿನ ಹೆಚ್ಚುವರಿ ಗಿಣ್ಣನ್ನು ಒಂದೊಂದು ಲೀಟರಿನ ಶುಚಿಯಾದ ಚೀಲಗಳಲ್ಲಿ ತುಂಬಿ ಮೈನಸ್ 20 ಡಿಗ್ರಿಯಲ್ಲಿಟ್ಟರೆ ತಿಂಗಳುಗಟ್ಟಲೆ ಕೆಡದು. ಬೇಕಾದಾಗ 50 ಡಿಗ್ರಿ ಮೀರದ ಬಿಸಿನೀರಿನಲ್ಲಿ ಚೀಲವನ್ನು ಮುಳುಗಿಸಿ ಕರಗಿಸಿ. ಕುದಿಸಿದರೆ ಪ್ರತಿಕಾಯಗಳು ಕೆಟ್ಟು ಬರೀ ಹಾಲಷ್ಟೇ ಉಳಿಯುತ್ತದೆ. ಚೀಲದ ಮೇಲೆ ಹಸುವಿನ ಕಿವಿಯೋಲೆಯ ಸಂಖ್ಯೆ, ಕರೆದ ದಿನಾಂಕ, ಬ್ರಿಕ್ಸ್ ಅಳತೆ ಬರೆದಿಡಿ. ಫ್ರೀಜರಿನ ಬೀಗದ ಕೈ ರಾತ್ರಿ ಹೊತ್ತೂ ಸಿಗುವಂತೆ ಸಂಘದ ಹತ್ತಿರದ ಮನೆಯಲ್ಲಿರಲಿ.